ತೆಗೆಯುವುದು ಸದ್ದಿಲ್ಲದೆ, ಸೇರಿಸುವುದು ಕಣ್ಣೆದುರಿಗೆ: ಮನೆಯ ಊಟ ಬದಲಿಸುವುದು ಹೇಗೆ?

ಸೋಮವಾರ ಬೆಳಗ್ಗೆ ಶುರುವಾದ ಆರೋಗ್ಯಕರ ಊಟ ಗುರುವಾರ ಸಂಜೆಗೆ ಮುಗಿದುಹೋಗುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಭಾನುವಾರ ರಾತ್ರಿ ಮನೆಯಲ್ಲಿ ಯಾರಿಗೋ ಒಬ್ಬರಿಗೆ ಹುರುಪು ಬರುತ್ತದೆ. ರಕ್ತ ಪರೀಕ್ಷೆಯ ವರದಿ ಕೈಗೆ ಸಿಕ್ಕಿರುತ್ತದೆ, ಇಲ್ಲವೇ ಫೋನಿನಲ್ಲಿ ಯಾವುದೋ ವಿಡಿಯೊ ನೋಡಿರುತ್ತಾರೆ. ಮರುದಿನದಿಂದ ಸಕ್ಕರೆ ಬಂದ್, ಕರಿದಿದ್ದು ಬಂದ್, ಬಿಸ್ಕತ್ತು ಬಂದ್. ತಟ್ಟೆ ತುಂಬ ಹಸಿ ತರಕಾರಿ. ಮಕ್ಕಳು ಮೂಗು ಮುರಿಯುತ್ತಾರೆ, ಹಿರಿಯರು ಊಟಕ್ಕೆ ರುಚಿಯೇ ಇಲ್ಲ ಎಂದು ಗೊಣಗುತ್ತಾರೆ. ಮೂರೇ ದಿನಕ್ಕೆ ಹೊರಗಿನಿಂದ ಪಾರ್ಸೆಲ್ ಬರುತ್ತದೆ.

ಇಷ್ಟೆಲ್ಲ ರಗಳೆ ಬೇಕಿಲ್ಲ. ಕಮ್ಮಿ ಮಾಡಬೇಕಾದ್ದನ್ನು ಡಂಗುರ ಸಾರದೆ ಕಮ್ಮಿ ಮಾಡಿ. ಹೊಸದಾಗಿ ಸೇರಿಸಬೇಕಾದ್ದನ್ನು ಎಲ್ಲರಿಗೂ ಕಾಣುವಂತೆ ಸೇರಿಸಿ. ಹೆಚ್ಚಿನವರು ಇದನ್ನು ಉಲ್ಟಾ ಮಾಡುತ್ತಾರೆ. 'ಇವತ್ತಿಂದ ಉಪ್ಪು ಕಮ್ಮಿ' ಎಂದು ಘೋಷಿಸುತ್ತಾರೆ, ತರಕಾರಿಯನ್ನು ಮಾತ್ರ ರುಬ್ಬಿ ಬಚ್ಚಿಡುತ್ತಾರೆ.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆಯಿರಿ

ಏನನ್ನೂ ಬದಲಿಸಬೇಡಿ. ಮನೆಯಲ್ಲಿ ಯಾರು ಏನು ತಿಂದರು, ಎಷ್ಟು ಹೊತ್ತಿಗೆ ತಿಂದರು ಅಂತ ಒಂದು ಹಾಳೆಯಲ್ಲಿ ಗುರುತು ಹಾಕಿ. ಊಟದ ನಡುವೆ ಬಾಯಿಗೆ ಹಾಕಿಕೊಂಡದ್ದೂ ಲೆಕ್ಕಕ್ಕೆ ಬರಬೇಕು. ಇದಕ್ಕೆ ಆ್ಯಪ್ ಬೇಡ. ಆ್ಯಪ್‌ನಲ್ಲಿ ಕ್ಯಾಲೊರಿ ತುಂಬಿಸುತ್ತಾ ಕೂತವರು ನಾಲ್ಕನೇ ದಿನಕ್ಕೆ ಕೈಬಿಡುತ್ತಾರೆ.

ಹೆಜ್ಜೆ 2: ಒಂದೇ ಒಂದನ್ನು ಆರಿಸಿ

ಎರಡಲ್ಲ, ಒಂದು. ನನ್ನನ್ನು ಕೇಳಿದರೆ ಉಪ್ಪಿನಿಂದ ಶುರು ಮಾಡಿ. ಅಡುಗೆ ಮಾಡುವವರ ಕೈಯಲ್ಲೇ ಇರುವ ವಿಷಯ ಅದು. ಇನ್ನೊಬ್ಬರ ಒಪ್ಪಿಗೆ, ಒಲವು ಯಾವುದಕ್ಕೂ ಕಾಯಬೇಕಿಲ್ಲ.

ಹೆಜ್ಜೆ 3: ಉಪ್ಪು, ಆಮೇಲೆ ಸಕ್ಕರೆ

ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಹೆಚ್ಚುಕಮ್ಮಿ ಒಂದು ಟೀ ಚಮಚ. ಮಕ್ಕಳಿಗೆ ಇನ್ನೂ ಕಮ್ಮಿ. ನಿಮ್ಮ ಮನೆಯಲ್ಲಿ ಎಷ್ಟು ಖರ್ಚಾಗುತ್ತಿದೆ ಎಂದು ತಿಳಿಯುವುದು ಸುಲಭ. ಹೊಸ ಉಪ್ಪಿನ ಪ್ಯಾಕೆಟ್ ಒಡೆದ ದಿನ ಅದರ ಮೇಲೆ ತಾರೀಕು ಬರೆಯಿರಿ, ಖಾಲಿಯಾದ ದಿನ ನೋಡಿ. ಒಂದು ಕಿಲೋ ಪ್ಯಾಕೆಟ್ ನಾಲ್ಕು ಜನರಿಗೆ 25 ದಿನ ಬಂದರೆ ದಿನಕ್ಕೆ 40 ಗ್ರಾಂ, ತಲೆಗೆ 10 ಗ್ರಾಂ ಆಯಿತು. ಕುದಿಸಿ ಚೆಲ್ಲಿದ ನೀರಿನಲ್ಲಿ ಹೋದದ್ದನ್ನು ಬೇಕಾದರೆ ಕಳೆಯಿರಿ. ಆದರೆ ಬ್ರೆಡ್, ಚಿಪ್ಸ್, ಸಾಸ್, ದಿಢೀರ್ ನೂಡಲ್ಸ್‌ನಲ್ಲಿ ಬಂದ ಉಪ್ಪು ಈ ಲೆಕ್ಕಕ್ಕೆ ಸೇರಿಲ್ಲ ಅನ್ನುವುದೂ ನೆನಪಿರಲಿ.

ಈಗ ಕಮ್ಮಿ ಮಾಡುವುದು ಹೇಗೆ? ಬೆಳಗ್ಗೆಯೇ ಇಡೀ ದಿನದ ಉಪ್ಪನ್ನು ಒಂದು ಸಣ್ಣ ಬಟ್ಟಲಿಗೆ ಹಾಕಿಟ್ಟುಕೊಳ್ಳಿ. ಡಬ್ಬ ಮುಚ್ಚಿ ಮೇಲಿಡಿ. ದಿನವಿಡೀ ಆ ಬಟ್ಟಲಿನಿಂದಲೇ ತೆಗೆದು ಹಾಕಬೇಕು. ಅಳೆಯುವಾಗ ಚಮಚದ ಮೇಲೆ ಚಾಕುವಿನ ಬೆನ್ನು ಎಳೆದು ಮಟ್ಟ ಮಾಡಿ. ಗುಡ್ಡೆಯಾಗಿ ತುಂಬಿದ ಚಮಚಕ್ಕೂ ಮಟ್ಟದ ಚಮಚಕ್ಕೂ ಸುಮಾರು ವ್ಯತ್ಯಾಸವಿದೆ. ಕೈ ಅಂದಾಜು ಎನ್ನುವವರು ಎಡವುವುದು ಇಲ್ಲೇ. ಮೊದಲ ಎರಡು ವಾರ ಈಗಿರುವಷ್ಟೇ ಹಾಕಿ, ಬಟ್ಟಲಿನ ಅಭ್ಯಾಸ ಆಗಲಿ. ಆಮೇಲೆ ಎರಡು ವಾರಕ್ಕೊಮ್ಮೆ ಆ ಬಟ್ಟಲಿನಿಂದ ಅರ್ಧ ಚಮಚ ತೆಗೆಯಿರಿ. 40 ಗ್ರಾಂನಿಂದ 20 ಗ್ರಾಂಗೆ ಬರಲು ನಾಲ್ಕು ತಿಂಗಳು ಹಿಡಿಯುತ್ತದೆ. ಹಿಡಿಯಲಿ. ಆತುರ ಮಾಡಿ ಒಂದೇ ವಾರಕ್ಕೆ ಅರ್ಧ ಮಾಡಿದರೆ ಊಟದ ಟೇಬಲ್ ಮೇಲೆ ಉಪ್ಪಿನ ಡಬ್ಬಿ ಬಂದು ಕೂರುತ್ತದೆ. ಆಮೇಲೆ ಅದು ಅಲ್ಲಿಂದ ಏಳುವುದಿಲ್ಲ.

ನಾಲಿಗೆ ಒಗ್ಗಿಕೊಳ್ಳುತ್ತದೆ. ಕೆಲವು ತಿಂಗಳು ಕಮ್ಮಿ ಉಪ್ಪು ತಿಂದವರಿಗೆ ಮೊದಲಿನ ರುಚಿ ಜಾಸ್ತಿ ಉಪ್ಪು ಅನ್ನಿಸತೊಡಗುತ್ತದೆ ಎಂದು 1982ರಲ್ಲೇ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನ ತೋರಿಸಿತ್ತು. ಬ್ರಿಟನ್ನಿನಲ್ಲಿ 2003ರ ಆಸುಪಾಸಿನಿಂದ ಬ್ರೆಡ್ಡು ಮತ್ತಿತರ ಪ್ಯಾಕೆಟ್ ಆಹಾರದಲ್ಲಿ ಉಪ್ಪನ್ನು ವರ್ಷಗಟ್ಟಲೆ ಚೂರು ಚೂರೇ ಇಳಿಸುತ್ತಾ ಬಂದರು. ತಿನ್ನುವವರು ಬ್ರೆಡ್ ಕೊಳ್ಳುವುದನ್ನು ಬಿಡಲಿಲ್ಲ. ದೇಶದ ಮಟ್ಟದಲ್ಲಿ ನಡೆದದ್ದು ನಾಲ್ಕು ಜನರ ಮನೆಯಲ್ಲಿ ನಡೆಯುವುದಿಲ್ಲವೇ?

ಸ್ವಲ್ಪ ಸಹಾಯ ಬೇಕೆಂದರೆ ನಿಂಬೆರಸ ಇದೆ. ಹುಳಿ ಇದ್ದರೆ ಉಪ್ಪು ಕಮ್ಮಿಯಾದದ್ದು ಅಷ್ಟಾಗಿ ತಿಳಿಯುವುದಿಲ್ಲ. ಉಪ್ಪನ್ನು ಕೊನೆಯಲ್ಲಿ ಹಾಕಿದರೂ ಕಮ್ಮಿ ಉಪ್ಪಿಗೆ ಜಾಸ್ತಿ ರುಚಿ ಬರುತ್ತದೆ. 'ಲೋ ಸೋಡಿಯಂ' ಉಪ್ಪನ್ನು ಮಾತ್ರ ಸುಮ್ನೆ ತಂದು ಸುರಿಯಬೇಡಿ. ಅದರಲ್ಲಿ ಸಾದಾ ಉಪ್ಪಿನಲ್ಲಿರುವ ಸೋಡಿಯಂ ಜಾಗಕ್ಕೆ ಒಂದಷ್ಟು ಪೊಟ್ಯಾಸಿಯಂ ಬಂದಿರುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ, ಬಿಪಿಯ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ವೈದ್ಯರನ್ನು ಕೇಳಿಯೇ ತನ್ನಿ. ಗುಲಾಬಿ ಉಪ್ಪು, ಕಪ್ಪು ಉಪ್ಪು ಅಂತ ದುಬಾರಿ ಡಬ್ಬಿ ತರುವವರಿಗೆ ನನ್ನದು ಒಂದೇ ಮಾತು: ಬಣ್ಣ ಯಾವುದಾದರೂ ಸೋಡಿಯಂ ಸೋಡಿಯಮ್ಮೇ. ಅಯೋಡಿನ್ ಸೇರಿಸಿದ ಸಾದಾ ಉಪ್ಪನ್ನೇ ಕಮ್ಮಿ ಬಳಸಿ.

ಸಕ್ಕರೆಗೂ ಇದೇ ದಾರಿ. ಕಾಫಿ, ಚಹಾಕ್ಕೆ ಹಾಕುವುದರಲ್ಲಿ ಎರಡು ವಾರಕ್ಕೊಮ್ಮೆ ಕಾಲು ಚಮಚ ಇಳಿಸಿ. ಒಬ್ಬರು ದಿನಕ್ಕೆ 2000 ಕ್ಯಾಲೊರಿ ತಿನ್ನುತ್ತಾರೆ ಎಂದರೆ ಮೇಲಿಂದ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು, 25ರ ಒಳಗಿದ್ದರೆ ಇನ್ನೂ ಒಳ್ಳೆಯದು. ಇದೂ ವಿಶ್ವ ಆರೋಗ್ಯ ಸಂಸ್ಥೆಯದೇ ಮಾತು. ಜೇನುತುಪ್ಪ, ಹಣ್ಣಿನ ರಸ ಎರಡೂ ಈ ಲೆಕ್ಕದೊಳಗೇ ಬರುತ್ತವೆ. ಒಂದು ಕ್ಯಾನ್ ಕೋಲಾದಲ್ಲೇ ಸುಮಾರು 35 ಗ್ರಾಂ ಇರುತ್ತದೆ. ಸಕ್ಕರೆ ಬದಲು ಸಿಹಿ ಮಾತ್ರೆ ಹಾಕಿಕೊಳ್ಳುವುದು ನನಗೆ ಒಗ್ಗದ ಅಡ್ಡದಾರಿ. ತೂಕ ಇಳಿಸಲು ಅವನ್ನು ನೆಚ್ಚಬೇಡಿ ಎಂದು 2023ರಲ್ಲಿ ಅದೇ ಸಂಸ್ಥೆ ಹೇಳಿದೆ. ಮೇಲಾಗಿ, ನಾಲಿಗೆಗೆ ಸಿಹಿಯ ಚಟ ಹಾಗೇ ಉಳಿಯುತ್ತದೆ.

ಹೆಜ್ಜೆ 4: ಹೊಸ ತರಕಾರಿ ತಟ್ಟೆಗೆ ಬರುವುದು

ಎಲ್ಲರೂ ಕೆಡಿಸುವುದು ಇದನ್ನೇ. ಅದಕ್ಕೆ ಇಲ್ಲಿ ಸ್ವಲ್ಪ ನಿಧಾನ.

ಎರಡರಿಂದ ಆರು ವರ್ಷದ ಮಕ್ಕಳಲ್ಲಿ ಹೊಸ ತಿಂಡಿಯ ಬಗ್ಗೆ ಅನುಮಾನ ಜಾಸ್ತಿ. ಅದು ಹಟವಲ್ಲ, ಆ ವಯಸ್ಸಿನ ಗುಣ. ಒಂದೇ ತರಕಾರಿಯನ್ನು ಎಂಟು, ಹತ್ತು, ಕೆಲವೊಮ್ಮೆ ಹದಿನೈದು ಸಲ ಕಂಡು, ಮುಟ್ಟಿ, ರುಚಿ ನೋಡಿದ ಮೇಲೆ ಅದು ಪರಿಚಯದ್ದಾಗುತ್ತದೆ. ಅಪ್ಪ ಅಮ್ಮಂದಿರು ಮೂರನೇ ಸಲಕ್ಕೇ 'ಇವನಿಗೆ ಬೀನ್ಸ್ ಆಗಲ್ಲ' ಎಂದು ಷರಾ ಬರೆದುಬಿಡುತ್ತಾರೆ. ಅದೂ ಮಗುವಿನ ಎದುರಿಗೇ. ಅಲ್ಲಿಗೆ ಮುಗಿಯಿತು. ಮಗು ಆ ಬಿರುದನ್ನು ಹೊತ್ತು ತಿರುಗುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಮಗುವಿಗೆ ಇಷ್ಟವಾದ ಊಟದ ಪಕ್ಕದಲ್ಲೇ, ಬೆರಳಿನ ಒಂದು ಗೆಣ್ಣಿನಷ್ಟು ಬೇಯಿಸಿದ ಕ್ಯಾರೆಟ್ ತುಂಡು ಇಡಿ. ಒಂದೇ ತುಂಡು. ಎಲ್ಲರ ತಟ್ಟೆಯಲ್ಲೂ ಅದೇ ಇರಲಿ, ನಿಮ್ಮದರಲ್ಲೂ. ಆಮೇಲೆ ಬಾಯಿ ಮುಚ್ಚಿಕೊಂಡು ಊಟ ಮಾಡಿ. ನಿಜಕ್ಕೂ ಕಷ್ಟದ ಕೆಲಸ ಇದೇ.

ಮೊದಲ ದಿನ ತುಂಡು ತಟ್ಟೆಯ ಅಂಚಿಗೆ ಹೋಗುತ್ತದೆ. ಎರಡನೇ ದಿನವೂ ಅದೇ. ಇನ್ನೊಂದು ದಿನ ಬೆರಳಿನಲ್ಲಿ ಒತ್ತಿ ಮೆತ್ತಗಿದೆಯಾ ಅಂತ ನೋಡುತ್ತದೆ, ಬೆರಳನ್ನು ಮೂಸುತ್ತದೆ. ಆಮೇಲೊಂದು ದಿನ ನಾಲಿಗೆ ತಾಗಿಸಿ, ಮುಖ ಹಿಂಡಿ, ವಾಪಸ್ ಇಡುತ್ತದೆ. ಈ ಹೊತ್ತಿನಲ್ಲೇ ಪಕ್ಕದಲ್ಲಿ ಕೂತ ದೊಡ್ಡವರಿಗೆ ತಡೆದುಕೊಳ್ಳಲು ಆಗುವುದಿಲ್ಲ. 'ಹಾಂ, ತಿಂದ್ಯಾ? ಜಾಣ! ಇನ್ನೊಂಚೂರು!' ಎಂದು ಚಪ್ಪಾಳೆ ತಟ್ಟುತ್ತಾರೆ. ಮಗು ತುಂಡನ್ನು ಅಲ್ಲೇ ಬಿಡುತ್ತದೆ. ಚಪ್ಪಾಳೆ ಬೇಡ, ಬೈಗುಳ ಬೇಡ, ಗಮನವೇ ಬೇಡ. ಉಗಿದರೂ ಸುಮ್ಮನಿರಿ. ಊಟವಾದ ಮೇಲೆ ತುಂಡನ್ನು ತೆಗೆದು ಪಕ್ಕಕ್ಕೆ ಹಾಕಿ, ಎರಡು ಮೂರು ದಿನ ಬಿಟ್ಟು ಮತ್ತೆ ಇಡಿ.

ಏನು, ಯಾವಾಗ, ಎಲ್ಲಿ ಎಂಬುದನ್ನು ದೊಡ್ಡವರು ತೀರ್ಮಾನಿಸಬೇಕು. ತಿನ್ನುವುದೋ ಬೇಡವೋ, ಎಷ್ಟು ತಿನ್ನುವುದು ಎನ್ನುವುದು ಮಗುವಿಗೆ ಬಿಟ್ಟದ್ದು. ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹಾಕಿಕೊಟ್ಟ ಈ ಕೆಲಸದ ಹಂಚಿಕೆಯನ್ನು ನಾನು ಕಣ್ಣು ಮುಚ್ಚಿ ಒಪ್ಪುತ್ತೇನೆ. ಬಾಗಿಲು ಹಾಕಿಕೊಂಡು, ಕಥೆ ಹೇಳಿ, ಫೋನ್ ತೋರಿಸಿ ತುರುಕುವುದರಿಂದ ಒಂದು ತುತ್ತು ಒಳಗೆ ಹೋಗಬಹುದು. ಊಟದ ಮೇಲಿನ ಆಸೆ ಹೋಗಿಬಿಡುತ್ತದೆ.

'ಇದು ತಿಂದರೆ ಐಸ್‌ಕ್ರೀಂ' ಅನ್ನುವ ಲಂಚ ಇನ್ನೂ ಕೆಟ್ಟದ್ದು. ಲಂಚ ಕೊಟ್ಟು ತಿನ್ನಿಸಬೇಕಾದ್ದು ಕೆಟ್ಟ ತಿಂಡಿ, ಲಂಚವಾಗಿ ಸಿಗುವುದು ಒಳ್ಳೆಯ ತಿಂಡಿ ಎಂಬ ಲೆಕ್ಕ ಮಗುವಿಗೆ ಬೇಗ ಅರ್ಥವಾಗುತ್ತದೆ. ಲೀಆನ್ ಬರ್ಚ್ ಎಂಬ ಮನಃಶಾಸ್ತ್ರಜ್ಞೆ 1980ರ ದಶಕದಲ್ಲೇ ಮಕ್ಕಳ ಜೊತೆ ಪ್ರಯೋಗ ಮಾಡಿ ಇದನ್ನು ತೋರಿಸಿದ್ದರು.

ಇನ್ನು ರುಬ್ಬಿ ಬಚ್ಚಿಡುವ ಉಪಾಯ. ತರಕಾರಿಯನ್ನು ಹಿಟ್ಟಿನಲ್ಲಿ ಕಲಸಿ, ಸಾಸಿನಲ್ಲಿ ಅರೆದು ಕೊಟ್ಟರೆ ಹೊಟ್ಟೆಗೆ ಒಂದಿಷ್ಟು ಹೋಗುತ್ತದೆ, ನಿಜ. ಆದರೆ ಮಗು ಆ ತರಕಾರಿಯನ್ನು ನೋಡಿಯೇ ಇಲ್ಲ, ಮುಂದೆ ಎದುರಾದಾಗಲೂ ಅದು ಹೊಸಬನೇ. ಮೇಲಾಗಿ, ಒಂದು ದಿನ ಗುಟ್ಟು ರಟ್ಟಾದರೆ ಇಷ್ಟದ ತಿಂಡಿಯ ಮೇಲೂ ಅನುಮಾನ ಶುರು. ಬಚ್ಚಿಡುವುದೇ ಆದರೆ ಬಚ್ಚಿಡಿ, ಆದರೆ ಅದೇ ತರಕಾರಿ ಇಡಿಯಾಗಿಯೂ ತಟ್ಟೆಯಲ್ಲಿರಲಿ.

ದೊಡ್ಡವರ ವಿಷಯವೂ ಬೇರೆಯಲ್ಲ. ನಲವತ್ತು ವರ್ಷದ ಗಂಡಸರು ಬೇಯಿಸಿದ ಹೂಕೋಸನ್ನು ಅಂಚಿಗೆ ತಳ್ಳುವುದನ್ನು ಕಂಡಿದ್ದೇನೆ. ಅವರಿಗೆ ಅಡುಗೆಯ ರೀತಿ ಬದಲಿಸಿ ನೋಡಿ. ನೀರಿನಲ್ಲಿ ಬೆಂದು ಸೊರಗಿದ ತರಕಾರಿಯನ್ನು ಯಾರು ತಾನೇ ಇಷ್ಟಪಡುತ್ತಾರೆ? ಅದೇ ಹೂಕೋಸನ್ನು ಕಾದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ, ಮುಚ್ಚಳ ಮುಚ್ಚದೆ, ಅಂಚು ಕಂದು ಬರುವವರೆಗೆ ಹುರಿಯಿರಿ. ಪದೇ ಪದೇ ಕೈಯಾಡಿಸಬೇಡಿ, ಬಾಣಲೆ ತುಂಬ ಹೇರಬೇಡಿ. ಹೇರಿದರೆ ಹುರಿಯುವುದಿಲ್ಲ, ಬೆವರುತ್ತದೆ.

ಹಣ್ಣು ತರಕಾರಿ ಸೇರಿ ದಿನಕ್ಕೆ ಒಬ್ಬರಿಗೆ ಕನಿಷ್ಠ 400 ಗ್ರಾಂ ಇರಬೇಕು ಎನ್ನುತ್ತಾರೆ. ಆಲೂಗಡ್ಡೆ ಈ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಒಂದೇ ದಿನ ಅಲ್ಲಿಗೆ ಜಿಗಿಯಬೇಡಿ. ಕಾಳು, ಸೊಪ್ಪು, ನಾರಿನಂಶ ಒಮ್ಮೆಲೇ ಏರಿದರೆ ಹೊಟ್ಟೆ ಉಬ್ಬರಿಸುತ್ತದೆ, ತಪ್ಪೆಲ್ಲ ತರಕಾರಿಯ ತಲೆಗೆ ಕಟ್ಟುತ್ತಾರೆ. ವಾರಕ್ಕೆ ಒಂದು ಹಿಡಿ ಏರಿಸಿ, ನೀರು ಜಾಸ್ತಿ ಕುಡಿಯಿರಿ.

ಹೆಜ್ಜೆ 5: ಕುರುಕಲಿನ ಜಾಗ ಬದಲಿಸಿ

ತೊಳೆದ ಹಣ್ಣು ಮೇಜಿನ ಮೇಲೆ, ಬಿಸ್ಕತ್ತಿನ ಡಬ್ಬ ಮೇಲಿನ ಕಪಾಟಿನ ಹಿಂದೆ. ಅಷ್ಟೇ. ಐದು ವರ್ಷದೊಳಗಿನ ಮಕ್ಕಳಿಗೆ ಇಡಿಯ ಬಾದಾಮಿ, ಕಡಲೆಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ಸೀಳಿ ಕೊಡಿ.

ಬಿಸ್ಕತ್ತಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. 'ಮಲ್ಟಿಗ್ರೇನ್', 'ಡೈಜೆಸ್ಟಿವ್' ಎಂಬ ಹೆಸರು ನೋಡಿ ಮರುಳಾಗಬೇಡಿ. ಪ್ಯಾಕೆಟ್ ತಿರುಗಿಸಿ. ಸಾಮಗ್ರಿಗಳ ಪಟ್ಟಿಯಲ್ಲಿ ಯಾವುದು ಜಾಸ್ತಿ ಇದೆಯೋ ಅದು ಮೊದಲು ಬರುತ್ತದೆ. ಮೈದಾ, ಸಕ್ಕರೆ, ಎಣ್ಣೆ ಮೊದಲ ಮೂರು ಸ್ಥಾನದಲ್ಲಿದ್ದರೆ ಧಾನ್ಯಗಳೆಲ್ಲ ಬರೀ ಶೋಕಿಗೆ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಇನ್ವರ್ಟ್ ಸಿರಪ್ ಎಲ್ಲವೂ ಸಕ್ಕರೆಯೇ. 'ಒಂದು ಸರ್ವಿಂಗ್‌ಗೆ' ಅಂತ ಕೊಟ್ಟ ಅಂಕಿ ಬಿಡಿ, 100 ಗ್ರಾಂಗೆ ಎಷ್ಟು ಅಂತ ನೋಡಿ. ಸೋಡಿಯಂ ಎಂದು ಬರೆದಿದ್ದರೆ ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಮಕ್ಕಳ ಹಾಲಿಗೆ ಬೆರೆಸುವ ಪುಡಿಗಳ ಡಬ್ಬವನ್ನೂ ಹೀಗೇ ತಿರುಗಿಸಿ ಓದಿ. ಎಷ್ಟೋ ಡಬ್ಬಗಳು ಓದಿದ ಮೇಲೆ ಕಪಾಟಿಗೆ ವಾಪಸ್ ಹೋಗುತ್ತವೆ.

ಹೆಜ್ಜೆ 6: ತಪ್ಪಿದ ದಿನ

ಹಬ್ಬ, ಮದುವೆ, ಜ್ವರ, ಪ್ರವಾಸ ಬಂದೇ ಬರುತ್ತವೆ. ಬರಲಿ. ಹೊಸ ಅಭ್ಯಾಸ ಮೈಗೂಡುವುದಕ್ಕೆ 21 ದಿನ ಸಾಕು ಎಂಬ ಮಾತನ್ನು ನಂಬಿ ಕೂತವರೇ ಹೆಚ್ಚು ನಿರಾಶರಾಗುತ್ತಾರೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಲೆಕ್ಕ ಹಾಕಿದಾಗ ಸರಾಸರಿ 66 ದಿನ ಬಂದಿತ್ತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕಿತ್ತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಿರಲಿಲ್ಲ. ಆದ್ದರಿಂದ ಮದುವೆ ಊಟದ ಮರುದಿನ ಉಪವಾಸ ಕೂರಬೇಡಿ. ಎಂದಿನ ಊಟ, ಎಂದಿನ ಬಟ್ಟಲು.

ಮನೆಯಲ್ಲಿ ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅವರ ಊಟದ ಪ್ರಮಾಣವನ್ನು ನೀವೇ ಇಳಿಸಲು ಹೋಗಬೇಡಿ, ವೈದ್ಯರ ಜೊತೆ ಮಾತಾಡಿ. ಊಟ ಇಳಿದು ಔಷಧಿ ಹಾಗೇ ಇದ್ದರೆ ಸಕ್ಕರೆ ಮಟ್ಟ ಕುಸಿಯುತ್ತದೆ.

ಉಪ್ಪು ಒಂದು ಹದಕ್ಕೆ ಬಂದ ಮೇಲೆ, ಎರಡು ವಾರ ಏನನ್ನೂ ಬದಲಿಸದೆ ಬಿಟ್ಟು, ಮೊದಲ ವಾರ ಬರೆದ ಹಾಳೆ ತೆಗೆದು ಮುಂದಿನದನ್ನು ಆರಿಸಿ. ಎಣ್ಣೆಯಾದರೆ ಅದೇ ತಂತ್ರ: ಡಬ್ಬಿಯ ಮೇಲೆ ತಾರೀಕು, ಬಾಟಲಿಯಿಂದ ಸುರಿಯುವ ಬದಲು ಚಮಚದಲ್ಲಿ ಅಳತೆ. ಯಾರಾದರೂ 'ಈಚೆಗೆ ಅಡುಗೆ ಏನೋ ಬೇರೆ ಥರ ಇದೆಯಲ್ಲ?' ಎಂದು ಕೇಳಿದರೆ ನೀವು ಜಾಸ್ತಿ ಜೋರಾಗಿ ಇಳಿಸಿದ್ದೀರಿ ಎಂದರ್ಥ. ಒಂದು ಮೆಟ್ಟಿಲು ಹಿಂದಕ್ಕೆ ಹೋಗಿ, ಮೂರು ವಾರ ಅಲ್ಲೇ ನಿಂತು, ಮತ್ತೆ ಇಳಿಸಿ.