ಗೋಡೆ ಮೇಲಿನ 29 ಗೀರುಗಳು

ಜೈಲು ತಪಾಸಣೆಗೆ ಹೋದಾಗ ನಾನು ಮೊದಲು ಕೇಳುವುದು ಶಿಕ್ಷೆಯ ರಿಜಿಸ್ಟರ್. ಜೈಲಿನೊಳಗೆ ತಪ್ಪು ಮಾಡಿದವರಿಗೆ ಏನು ಶಿಕ್ಷೆ, ಎಷ್ಟು ದಿನ, ಕೊಟ್ಟವರು ಯಾರು, ಎಲ್ಲವೂ ಅದರಲ್ಲಿ ಇರಬೇಕು.

ಒಂದು ಜೈಲಿನಲ್ಲಿ ಒಬ್ಬ ಕೈದಿಯ ಹೆಸರಿನ ಮುಂದೆ “ಒಂಟಿ ಸೆಲ್, 14 ದಿನ” ಅಂತ ಎರಡು ಸಲ ಬರೆದಿತ್ತು. ನಡುವೆ ಒಂದೇ ದಿನ ಬಿಡುವು. ನನಗೆ ಅಲ್ಲೇ ಅನುಮಾನ ಬಂತು.

ಯಾಕೆ 14? 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳೇ ನಮ್ಮ ಅಳತೆಗೋಲು. ದಿನಕ್ಕೆ 22 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು, ಮನುಷ್ಯರ ಒಡನಾಟವೇ ಇಲ್ಲದಂತೆ ಕೂಡಿಹಾಕಿದರೆ ಅದು ಒಂಟಿ ಸೆರೆ. ಸತತ 15 ದಿನ ದಾಟುವಂತಿಲ್ಲ. ಕತ್ತಲೆ ಕೋಣೆ, ಹಗಲು ರಾತ್ರಿ ದೀಪ ಉರಿಯುವ ಕೋಣೆ, ಹೊಡೆತ, ಊಟ ನೀರಿನ ಕಡಿತ, ಒಬ್ಬನ ತಪ್ಪಿಗೆ ಎಲ್ಲರಿಗೂ ಶಿಕ್ಷೆ, ಯಾವುದೂ ಕೂಡದು. ಈ ನಿಯಮಗಳಿಗೆ ತಾವಾಗಿಯೇ ಕಾನೂನಿನ ಬಲ ಇಲ್ಲ, ನಿಜ. ಆದರೆ ಚಿತ್ರಹಿಂಸೆ ವಿರುದ್ಧದ 1984ರ ಒಪ್ಪಂದಕ್ಕೆ ಸೇರಿದ ದೇಶ ಚಿತ್ರಹಿಂಸೆಗೆ ಯುದ್ಧದ ನೆಪವನ್ನೂ ಹೇಳುವಂತಿಲ್ಲ.

ವಾರ್ಡರ್‌ಗಳ ಕಿವಿಗೆ ಬೀಳದ ಜಾಗದಲ್ಲಿ ಎಂಟು ಕೈದಿಗಳನ್ನು ಒಬ್ಬೊಬ್ಬರನ್ನಾಗಿ ಮಾತಾಡಿಸಿದೆ. ರಿಜಿಸ್ಟರ್‌ನಲ್ಲಿ ಕಂಡ ಆ ಕೈದಿಯೊಬ್ಬನನ್ನೇ ಕರೆದರೆ ಆಮೇಲೆ ಅನುಭವಿಸುವವನು ಅವನೇ ಅಲ್ವಾ? ಅವನು ಜಾಸ್ತಿ ಮಾತಾಡಲಿಲ್ಲ. “ಸೆಲ್‌ನ ಗೋಡೆ ನೋಡಿ” ಅಂದ. ಹಾಸಿಗೆಯ ಪಕ್ಕ, ಮಂಡಿ ಎತ್ತರದಲ್ಲಿ, ಉಗುರಿನಿಂದ ಕೆರೆದ 29 ಗೀರುಗಳಿದ್ದವು. ಹದಿನೈದನೆಯದು ಮಾತ್ರ ಓರೆಯಾಗಿತ್ತು. ಆ ಒಂದು ರಾತ್ರಿ ಅವನನ್ನು ಪಕ್ಕದ ಸೆಲ್‌ಗೆ ಹಾಕಿದ್ದರು. ಬಾಗಿಲು ಬೇರೆ, ಸೆರೆ ಅದೇ. ನಾನು ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಆ ಗೋಡೆಯ ವಿಷಯ ವರದಿಯಲ್ಲಿ ಬರೆಯಲಿಲ್ಲ. ಬರೆದಿದ್ದರೆ ಯಾರ ಸೆಲ್ ಅಂತ ತಕ್ಷಣ ಗೊತ್ತಾಗುತ್ತಿತ್ತು. ಬದಲಿಗೆ ಊಟದ ಲೆಕ್ಕದ ಪುಸ್ತಕ ತರಿಸಿಕೊಂಡೆ. ಬಿಡುವಿನ ದಿನವೂ ಒಂಟಿ ಸೆಲ್‌ಗಳ ವಿಭಾಗಕ್ಕೆ ಹೋದ ತಟ್ಟೆಗಳು ಒಂದೂ ಕಡಿಮೆಯಾಗಿರಲಿಲ್ಲ. ಹುಡುಕಿದಾಗ ಇನ್ನೂ ಮೂವರ ದಿನಗಳು ಹೀಗೇ ಇದ್ದವು. ಹೆಸರಿಲ್ಲದೆ ನಾಲ್ಕನ್ನೂ ಒಟ್ಟಿಗೆ ಬರೆದೆ. ವೈದ್ಯರ ಪುಸ್ತಕದಲ್ಲಿ ದಿನದಿನದ ಭೇಟಿಗೂ ಒಂದೇ ಪೆನ್ನು, ಒಂದೇ ಬಗೆಯ ಸಹಿ. ಅದನ್ನೂ ಸೇರಿಸಿದೆ.

ಎರಡು ತಿಂಗಳ ನಂತರ ಹೇಳದೆ ಕೇಳದೆ ಮತ್ತೆ ಹೋದೆ. ಅವನು ಬ್ಯಾರಕ್‌ನಲ್ಲಿ ಎಲ್ಲರ ಜೊತೆ ಇದ್ದ. ರಿಜಿಸ್ಟರ್‌ನಲ್ಲಿ ಹೊಸ ಕಾಲಂ ಬಂದಿತ್ತು: ಸೆಲ್‌ನಿಂದ ಹೊರಗೆ ಕಳೆದ ಗಂಟೆ. ಅರ್ಧದಷ್ಟು ಸಾಲುಗಳು ಖಾಲಿ. ಕುರ್ಚಿ ಎಳೆದುಕೊಂಡು ಮೊದಲನೇ ಖಾಲಿ ಸಾಲಿನಿಂದ ಕೇಳಲು ಶುರು ಮಾಡಿದೆ.