ಕತ್ತರಿ ಹಿಡಿಯುವ ಮೊದಲು ಕಡ್ಡಿ ನೋಡಿ

ವಸಂತದಲ್ಲಿ ಗಿಡಗಳು ಮೈತುಂಬ ಹೂ ಬಿಟ್ಟಾಗ, ಹೂ ಯಾವ ಕಡ್ಡಿಯ ಮೇಲೆ ಕೂತಿದೆ ಎಂದು ಒಂದೊಂದನ್ನೂ ನೋಡಿ ಬರೆದಿಟ್ಟುಕೊಳ್ಳುತ್ತೇನೆ. ಕಂದು ತೊಗಟೆಯ ಗಟ್ಟಿ ಕಡ್ಡಿ ಹೋದ ವರ್ಷದ್ದು. ಹಸಿರಾಗಿ ಬಾಗುವುದು ಈ ಸಲದ ಚಿಗುರು. ಯಾವಾಗ ಸವರಬೇಕು ಎಂಬುದನ್ನು ಇದೇ ಹೇಳಿಬಿಡುತ್ತದೆ.

ಅಜೇಲಿಯಾ, ಫೋರ್ಸಿಥಿಯಾ ಎಂಬ ಹೂವಿನ ಪೊದೆಗಳು ಹಳೆ ಕಡ್ಡಿಯಲ್ಲಿ ಹೂ ಬಿಡುವ ಜಾತಿ. ಹೂ ಮುಗಿದ ಮೂರು ನಾಲ್ಕು ವಾರದೊಳಗೆ ಸವರಿ ಮುಗಿಸುತ್ತೇನೆ. ಬೇಸಿಗೆಯಲ್ಲೇ ಮುಂದಿನ ವರ್ಷದ ಮೊಗ್ಗು ಕಟ್ಟಲು ಶುರುವಾಗುತ್ತದೆ. ಚಳಿಗಾಲದಲ್ಲಿ ಅಂದಕ್ಕೆಂದು ಕತ್ತರಿಸಿದರೆ ಮೊಗ್ಗೇ ಕಸಕ್ಕೆ ಹೋಗುತ್ತದೆ. ಗಿಡ ಗಟ್ಟಿಮುಟ್ಟಾಗಿದ್ದೂ ಹೂವಿಲ್ಲ ಎನ್ನುವವರಲ್ಲಿ ನಾನು ಮೊದಲು ಕೇಳುವುದು, ಕೊನೆಯ ಸಲ ಯಾವಾಗ ಕತ್ತರಿಸಿದಿರಿ ಎಂದು.

ಕಾಗದದ ಹೂವಿನ ಲೆಕ್ಕವೇ ಬೇರೆ. ಅದು ಹೂ ಬಿಡುವುದು ಹೊಸ ಚಿಗುರಿನಲ್ಲಿ. ಒಂದು ಸರದಿ ಮುಗಿದ ಮೇಲೆ ಕಡ್ಡಿಯ ಮೂರನೇ ಒಂದು ಭಾಗವನ್ನು, ಗೆಣ್ಣಿನಿಂದ ಅರ್ಧ ಸೆಂಟಿಮೀಟರ್ ಮೇಲಕ್ಕೆ ಓರೆಯಾಗಿ ಕತ್ತರಿಸುತ್ತೇನೆ. ದಿನಕ್ಕೆ ಆರು ಗಂಟೆಯಾದರೂ ನೇರ ಬಿಸಿಲು ಬೇಕು. ಮೇಲಿನ 4–5 ಸೆಂ.ಮೀ. ಮಣ್ಣು ಒಣಗುವವರೆಗೆ ನೀರಿಲ್ಲ. ದಿನವೂ ನೀರು ಹನಿಸಿ ಯೂರಿಯಾ ಹಾಕಿದರೆ ಎಲೆ ಸೊಂಪಾಗಿ ಬೆಳೆಯುತ್ತದೆ, ಬಣ್ಣ ಮಾತ್ರ ಬರುವುದಿಲ್ಲ. ನಾವು ಮೆಚ್ಚುವ ಬಣ್ಣ ನಿಜಕ್ಕೂ ಮಾರ್ಪಟ್ಟ ಎಲೆಗಳದು. ಹೂವೆಂದರೆ ಮೂರು ಎಲೆಗಳ ನಡುವಿನ ಪುಟ್ಟ ಬಿಳಿ ಕೊಳವೆ. ಅದು ಒಣಗಿದರೂ ಬಣ್ಣ ವಾರಗಟ್ಟಲೆ ಉಳಿಯುತ್ತದೆ. ಕೆಲಸಕ್ಕೆ ಕೈಗವಸು ಬೇಕೇಬೇಕು.

ಮರದ ತಲೆಯನ್ನು ನಾನು ಎಂದೂ ಕಡಿಯುವುದಿಲ್ಲ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು ಇಷ್ಟನ್ನೇ ತೆಗೆಯುವುದು. ದಪ್ಪ ಕೊಂಬೆಯಾದರೆ ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರನೇ ಒಂದು ಭಾಗ ಗರಗಸ ಹಾಕಿ, ತುಸು ಆಚೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿನ ಉಬ್ಬಿನ ಹೊರಗೆ ತೆಗೆಯಬೇಕು. ಒಂದೇ ಸಲಕ್ಕೆ ಕೊಯ್ದರೆ ಕೊಂಬೆ ಬೀಳುವಾಗ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಗಾಯಕ್ಕೆ ಬಣ್ಣ ಬಳಿಯುವ ಅಗತ್ಯವಿಲ್ಲ.

ತಬೆಬುಯಾದಂತೆ ಎಲೆ ಉದುರಿಸಿ ಹೂ ಬಿಡುವ ಮರದ ಹಿಂದೆ ಕಡುಹಸಿರಿನ ನಿತ್ಯಹಸಿರು ಗಿಡ ಇರಬೇಕು. ಬಿಳಿ ಗೋಡೆಯ ಮುಂದೆ ತಿಳಿಬಣ್ಣ ಕಳೆದುಹೋಗುತ್ತದೆ. ಬಿಳಿ ಹೂವಿನ ಪೊದೆಗೆ ಸಂಜೆ ಓಡಾಡುವ ದಾರಿಯ ಅಂಚು ಒಳ್ಳೆಯದು.

ಉದುರಿದ ಎಸಳನ್ನು ಬುಡದಲ್ಲೇ ಬಿಡುತ್ತೇನೆ, ಅಜೇಲಿಯಾದ್ದು ಕಂದಾಗಿ ಲೋಳೆಯಾಗಿದ್ದರೆ ಮಾತ್ರ ಬಿಡುವುದಿಲ್ಲ. ಅದು ಶಿಲೀಂಧ್ರ ರೋಗ. ಮಣ್ಣಲ್ಲಿ ಉಳಿದು ಮುಂದಿನ ವರ್ಷದ ಹೂವಿಗೂ ಹತ್ತುತ್ತದೆ. ಆಯ್ದು ಚೀಲಕ್ಕೆ ತುಂಬಿ ಹೊರಗೆ ಹಾಕಬೇಕು, ಗೊಬ್ಬರದ ಗುಂಡಿಗಲ್ಲ.