ಮಾತಿಗಿಂತ ಮೊದಲು ಹಗ್ಗ: ಶಿಬಿರದ ಮೊದಲ ಅರ್ಧ ಗಂಟೆಯ ನನ್ನ ಅನುಭವ

ಕಾಸರಗೋಡಿನ ಶಿಬಿರಗಳಲ್ಲಿ ಐಸ್ ಬ್ರೇಕರ್ ಆಟಗಳನ್ನು, ಅಂದರೆ ಅಪರಿಚಿತರ ಸಂಕೋಚ ಬಿಡಿಸುವ ಮೊದಲ ಆಟಗಳನ್ನು, ಮಾತಿಲ್ಲದೆಯೇ ಆರಂಭಿಸಬೇಕೆಂದು ನಾನು ಹೇಳತೊಡಗಿದಾಗ ಜೊತೆಯ ತರಬೇತುದಾರರಲ್ಲಿ ಹೆಚ್ಚಿನವರು ನಕ್ಕಿದ್ದರು. “ಮಾತಾಡದೆ ಪರಿಚಯ ಆಗುವುದು ಹೇಗೆ ಮಾಷ್ಟ್ರೇ?” ಎಂದು ಕೇಳಿದ್ದ ಹಿರಿಯರೊಬ್ಬರು ಈಗ ತಮ್ಮ ಶಿಬಿರಕ್ಕೆ ನನ್ನ ಹಗ್ಗವನ್ನೇ ಎರವಲು ಒಯ್ಯುತ್ತಾರೆ. ಹಾಗಾಗಿ ನಡೆದುದನ್ನು ಬರೆದಿಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ನಾವೆಲ್ಲರೂ ಆಡಿಸುವ ಹೆಸರಿನ ಸರಪಳಿ, ಅಂದರೆ ಹಿಂದಿನವರ ಹೆಸರುಗಳನ್ನೆಲ್ಲ ಹೇಳಿ ತಮ್ಮದನ್ನು ಸೇರಿಸುವ ಆಟ, ಇಲ್ಲಿ ನಿಲ್ಲದಿರುವುದಕ್ಕೆ ಕಾರಣ ನೆನಪಿನ ಶಕ್ತಿಯಲ್ಲ, ಭಾಷೆ. ಬದಿಯಡ್ಕದ ಕನ್ನಡದವರು, ಮಂಜೇಶ್ವರದ ತುಳು ಮತ್ತು ಬ್ಯಾರಿಯವರು, ಉಪ್ಪಳದ ಉರ್ದುವಿನವರು, ಚೆರುವತ್ತೂರಿನ ಮಲಯಾಳದವರು ಒಂದೇ ವೃತ್ತದಲ್ಲಿ ನಿಂತಾಗ, ಮೊದಲು ಬಾಯಿ ತೆರೆದವರು ಯಾವ ಭಾಷೆಯನ್ನು ಹಿಡಿಯುತ್ತಾರೋ ಉಳಿದವರು ಅದನ್ನೇ ಎಳೆದುಕೊಂಡು ಹೋಗುತ್ತಾರೆ, ಇಲ್ಲವೇ ಹೆಸರನ್ನಷ್ಟೇ ಗೊಣಗಿ ಸುಮ್ಮನಾಗುತ್ತಾರೆ. ತಮ್ಮ ಬಗ್ಗೆ ಮೂರು ಮಾತು ಹೇಳಿ ಸುಳ್ಳು ಯಾವುದೆಂದು ಉಳಿದವರಿಂದ ಊಹಿಸುವಂತೆ ಮಾಡುವ ‘ಎರಡು ನಿಜ, ಒಂದು ಸುಳ್ಳು’ ಆಟವು ಅಧ್ಯಾಪಕರ ಗುಂಪಿನಲ್ಲಿ ಪ್ರಶಸ್ತಿಗಳ ಪಟ್ಟಿಯಾಗಿ ಮುಗಿಯಿತು. ಚೌಕಗಳಲ್ಲಿ ಬರೆದ ವಿವರಕ್ಕೆ ಹೊಂದುವವರನ್ನು ಹುಡುಕಿ ಹೆಸರು ತುಂಬಿಸುವ ಬಿಂಗೊ ಹಾಳೆಯನ್ನು ಎರಡು ಭಾಷೆಗಳಲ್ಲಿ ಡಿಟಿಪಿ ಮಾಡಿಸಿ ಐವತ್ತು ಮಂದಿಗೆ ಜೆರಾಕ್ಸ್ ತೆಗೆಸುವಷ್ಟರಲ್ಲಿ ಆರೇಳು ನೂರು ರೂಪಾಯಿ ಹೋಗುತ್ತಿತ್ತು. ಆಗ ನನಗೆ ಸಿಗುತ್ತಿದ್ದ ಗೌರವಧನವೇ ಸಾವಿರದ ಆಸುಪಾಸು. ಅಷ್ಟು ಖರ್ಚಾದ ಹಾಳೆಯನ್ನು ಶಿಬಿರಾರ್ಥಿಗಳು ಕುಳಿತಲ್ಲಿಂದ ಏಳದೆ ಪಕ್ಕದವರದ್ದನ್ನು ನೋಡಿ ತುಂಬಿಸುತ್ತಿದ್ದರು. ವೃತ್ತದಲ್ಲಿ ಅಡ್ಡಡ್ಡ ಕೈ ಹಿಡಿದು, ಆದ ಗಂಟನ್ನು ಕೈಬಿಡದೆ ಬಿಡಿಸುವ ಆಟಕ್ಕೆ ಗಂಡಸರೂ ಹೆಂಗಸರೂ ಇರುವ ಗುಂಪುಗಳಲ್ಲಿ ಸಹಜವಾದ ಹಿಂಜರಿಕೆಯಿತ್ತು. ಕೈಯ ಬದಲು ಬೈರಾಸಿನ (ಹೆಗಲ ಮೇಲಿನ ಟವೆಲ್ಲಿನ) ತುದಿಗಳನ್ನು ಹಿಡಿಸಿದ ಮೇಲೆ ಅದು ಚೆನ್ನಾಗಿ ನಡೆಯಿತಾದರೂ ಆರಂಭಕ್ಕಿಂತ ಮಧ್ಯಾಹ್ನದ ಊಟದ ಬಳಿಕದ ಹೊತ್ತಿಗೇ ಅದು ಹೆಚ್ಚು ಸರಿ.

ಕೊನೆಗೆ ಕೈಹಿಡಿದದ್ದು ತೆಂಗಿನ ನಾರಿನ ಒಂದು ಹಗ್ಗ. ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ, ಸಭಾಂಗಣವನ್ನೇ ಜಿಲ್ಲೆಯೆಂದು ಬಗೆದು, ಪಶ್ಚಿಮದ ಗೋಡೆಯನ್ನು ಕಡಲೆಂದೂ ಉತ್ತರದ ಬಾಗಿಲನ್ನು ತಲಪಾಡಿಯೆಂದೂ ಅದರ ಎದುರಿನ ದಕ್ಷಿಣದ ಗೋಡೆಯನ್ನು ತೃಕ್ಕರಿಪುರವೆಂದೂ ತೋರಿಸಿ, ಮಧ್ಯಕ್ಕಿಂತ ತುಸು ಉತ್ತರಕ್ಕೆ ಹಗ್ಗವನ್ನು ಅಂಕುಡೊಂಕಾಗಿ ಹಾಸುತ್ತೇನೆ. ಅದು ಚಂದ್ರಗಿರಿ ಹೊಳೆ. ಪ್ರತಿಯೊಬ್ಬರೂ ಬಾಯಿ ತೆರೆಯದೆ ತಮ್ಮ ಮನೆ ಇರುವಲ್ಲಿ ಹೋಗಿ ನಿಲ್ಲಬೇಕು. ಅಡೂರಿನವರೂ ದೇಲಂಪಾಡಿಯವರೂ ಪೂರ್ವದ ಮೂಲೆಯಲ್ಲಿ ಒಬ್ಬರನ್ನೊಬ್ಬರು ನೋಡಿ ನಗುವುದು, ಪಾಣತ್ತೂರಿನವರು ತಾವು ಇನ್ನೂ ದಕ್ಷಿಣಕ್ಕೆ ಸರಿಯಬೇಕೆಂದು ಸನ್ನೆಯಲ್ಲೇ ವಾದಿಸುವುದು, ಇವೆಲ್ಲ ಐದು ನಿಮಿಷಗಳೊಳಗೆ ಆಗಿಬಿಡುತ್ತವೆ. ಬಸ್ಸು ತಡವಾಗಿ ಬಂದವರು ನೇರವಾಗಿ ನಕಾಶೆಯೊಳಕ್ಕೆ ನಡೆದು ಬರಬಹುದಾದ್ದರಿಂದ ಉದ್ಘಾಟನೆಗೆ ಕಾಯದೆ, ಹೆಸರು ನೋಂದಾಯಿಸುವ ಹೊತ್ತಿನಲ್ಲೇ ಇದನ್ನು ಆರಂಭಿಸಬಹುದು. ಸಂಘಟಕರಿಗೆ ಮೊದಮೊದಲು ಇದು ಹಿಡಿಸುವುದಿಲ್ಲ; ಅತಿಥಿಗಳನ್ನೂ ಅವರವರ ಊರಿನಲ್ಲಿ ನಿಲ್ಲಿಸಿದರೆ ತಕರಾರು ಮುಗಿಯುತ್ತದೆ.

ಹಗ್ಗದಿಂದ ಒಂದು ಅಪಾಯವೂ ಇದೆ. ಚಂದ್ರಗಿರಿಯನ್ನು ತುಳುನಾಡಿನ ಗಡಿಯೆಂದು ಎಣಿಸುವ ವಾಡಿಕೆ ಹಳೆಯದಾದ್ದರಿಂದ ಹೊಳೆಯ ಎರಡು ದಡಗಳು ಸುಲಭವಾಗಿ ಭಾಷೆಯ ಎರಡು ಪಂಗಡಗಳಾಗುತ್ತವೆ. ಆದ್ದರಿಂದ ಅವರನ್ನು ಹೆಚ್ಚು ಹೊತ್ತು ಅಲ್ಲಿ ನಿಲ್ಲಿಸದೆ, ಆಚೆಯವರೊಬ್ಬರನ್ನೂ ಈಚೆಯವರೊಬ್ಬರನ್ನೂ ಸೇರಿಸಿ ಜೋಡಿ ಮಾಡುತ್ತೇನೆ. ಜೋಡಿಗೆ ಮೂರು ನಿಮಿಷ. ಇಬ್ಬರಲ್ಲೂ ಇರುವ, ಆದರೆ ಕಣ್ಣಿಗೆ ಕಾಣದ ಮೂರು ಸಂಗತಿಗಳನ್ನು ಅವರು ಹುಡುಕಬೇಕು. ಯಾವ ಭಾಷೆಯೆಂಬುದು ಅವರಿಗೇ ಬಿಟ್ಟದ್ದು. ಒಂದು ದಡದಲ್ಲಿ ಜನ ತೀರ ಕಡಿಮೆಯಿದ್ದಾಗ ಜೋಡಿಗಳನ್ನು ಹೇಗೆ ಹೊಂದಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ, ಅದೇ ನನ್ನ ಅನ್ನ.

ನಡುವೆ ಕೆಲವು ಅಡ್ಡ ಪ್ರಯೋಗಗಳನ್ನೂ ಮಾಡಿದ್ದುಂಟು. ಹುಟ್ಟಿದ ದಿನದ ಕ್ರಮದಲ್ಲಿ ಮೌನವಾಗಿ ಸಾಲು ನಿಲ್ಲಿಸಿದಾಗ ಶಾಲೆಯ ದಾಖಲೆಯ ದಿನಾಂಕ ಮತ್ತು ನಿಜವಾದ ದಿನಾಂಕಗಳ ನಡುವೆ ಹಿರಿಯರು ಸಿಕ್ಕಿಬಿದ್ದರು. ಬದಲಿಗೆ 27 ನಕ್ಷತ್ರಗಳ ಕ್ರಮವನ್ನು ಹಿಡಿದೆ. ಅಶ್ವಿನಿ, ಭರಣಿ, ಕೃತ್ತಿಕೆ ಎಂದರೆ ಕನ್ನಡದವರಿಗೂ ಮಲಯಾಳದವರಿಗೂ ತಿಳಿಯುತ್ತದೆ, ಅಜ್ಜಿಯಂದಿರಂತೂ ಕ್ಷಣದಲ್ಲಿ ಸಾಲಾದರು. ಆದರೆ ಮುಸ್ಲಿಂ ಮತ್ತು ಕ್ರೈಸ್ತ ಶಿಬಿರಾರ್ಥಿಗಳು ಹೊರಗುಳಿಯುವುದನ್ನು ಕಂಡು ಆ ಕ್ರಮವನ್ನು ಕೈಬಿಟ್ಟೆ. ಈಗ ಬೆಳಿಗ್ಗೆ ಏಳುವ ಹೊತ್ತಿನ ಕ್ರಮದಲ್ಲಿ ನಿಲ್ಲಿಸುತ್ತೇನೆ. ರಬ್ಬರ್ ಟ್ಯಾಪಿಂಗ್ ಮಾಡುವವರು ಸಾಲಿನ ತುದಿಯಲ್ಲಿ ನಿಂತು ಉಳಿದವರನ್ನು ನೋಡುವ ನೋಟವೇ ಆಟದ ಅರ್ಧ ಸೊಗಸು.

ಕೇರಳ ಸರಕಾರದ ಮಹಿಳಾ ಯೋಜನೆಯಾದ ಕುಟುಂಬಶ್ರೀಯ ನೆರೆಕೂಟಗಳಿಗೆ (ನೆರೆಹೊರೆಯ ಹೆಂಗಸರ ಗುಂಪುಗಳಿಗೆ) ಇದಾವುದೂ ಬೇಡ. ಹತ್ತಿಪ್ಪತ್ತು ಮಂದಿ ವರ್ಷಗಳಿಂದ ವಾರವಾರ ಕೂಡುವವರಿಗೆ ಹೆಸರು ಹೇಳಿಸಿದರೆ ಅವರು ನಮ್ಮನ್ನು ನೋಡಿ ನಗುತ್ತಾರೆ; ಪರಿಚಯವಾಗಬೇಕಾದದ್ದು ನನ್ನದು ಮಾತ್ರ. ಅಲ್ಲಿ ನೇರವಾಗಿ ಬೈರಾಸಿನ ಗಂಟಿಗೆ ಇಳಿಯುವುದು ಉತ್ತಮ.

ಖರ್ಚಿನ ಮಾತಿಗೆ ಬಂದರೆ, ಹಗ್ಗಕ್ಕೆ ನೂರೈವತ್ತು ರೂಪಾಯಿ ಕೊಟ್ಟ ನೆನಪು, ಅದು ಹಲವು ಮಳೆಗಾಲಗಳನ್ನು ಕಂಡಿದೆ. ಚಾಕಲೇಟಿನ ಬಹುಮಾನವನ್ನು ನಿಲ್ಲಿಸಿದ್ದರಿಂದ ಶಿಬಿರಕ್ಕೆ ಇನ್ನೂರು ಉಳಿಯಿತು, ಗೆಲ್ಲುವ ಆತುರವೂ ತಗ್ಗಿತು. ಗೌರವಧನದ ಬಗ್ಗೆ ಈಗ ಯಾರೂ ಚೌಕಾಸಿ ಮಾಡುವುದಿಲ್ಲ. ಅರುವತ್ತಕ್ಕಿಂತ ಹೆಚ್ಚು ಜನರಿದ್ದರೆ ಮಾತ್ರ ನಕಾಶೆಯಲ್ಲಿ ನೂಕುನುಗ್ಗಲಾಗುವುದರಿಂದ ಎರಡು ಕೋಣೆಗಳನ್ನೂ ಸಹಾಯಕರೊಬ್ಬರ ದಿನಗೂಲಿಯನ್ನೂ ಮುಂಚಿತವಾಗಿಯೇ ಕೇಳಿಬಿಡುತ್ತೇನೆ.